ಅಂಗಳದ ಮಗು ಮತ್ತು ಎರಡು ಇಲಾಖೆಗಳು

ಪ್ರತಿ ವರ್ಷ ಶಾಲಾ ಪ್ರವೇಶದ ಕಾಲ ಬಂತೆಂದರೆ ನಮ್ಮ ಪಟ್ಟಣಗಳ ಮನೆಗಳಲ್ಲಿ ಒಂದೇ ಚರ್ಚೆ. ಮಗುವನ್ನು ಯಾವ ಶಾಲೆಗೆ ಸೇರಿಸಬೇಕು, ಡೊನೇಶನ್ ಎಷ್ಟು, ಸಂದರ್ಶನದಲ್ಲಿ ಏನು ಕೇಳುತ್ತಾರೆ, ವಯಸ್ಸು ಸಾಲುತ್ತದೆಯೇ? ಗಲ್ಫಿನಲ್ಲಿರುವ ತಂದೆ ಅಲ್ಲಿಂದಲೇ ಫೋನಿನಲ್ಲಿ ವಿಚಾರಿಸುತ್ತಾರೆ. ತಾಯಿ ಅರ್ಜಿ ಹಿಡಿದು ಶಾಲೆಯಿಂದ ಶಾಲೆಗೆ ಅಲೆಯುತ್ತಾರೆ. ಮಗುವಿಗೆ ಇನ್ನೂ ಮೂರೂವರೆ ವರ್ಷ. ಇಷ್ಟೆಲ್ಲ ಓಡಾಟದ ನಡುವೆ ನಾವು ಕೇಳದೆ ಬಿಡುವ ಪ್ರಶ್ನೆ ಒಂದೇ: ಮೂರರಿಂದ ಆರು ವರ್ಷದವರೆಗಿನ ಮಗುವಿನ ಹೊಣೆ ಯಾರದು?

ಈ ಪ್ರಶ್ನೆಗೆ ಸರಕಾರದ ಬಳಿಯೂ ಒಂದು ಉತ್ತರವಿಲ್ಲ, ಎರಡಿವೆ. ಅಂಗನವಾಡಿಯಲ್ಲಿ ಕುಳಿತ ಮಗು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಸೇರಿದ್ದು. ಅದೇ ವಯಸ್ಸಿನ ಮಗು ಸರಕಾರಿ ಶಾಲೆಯ ಎಲ್‌ಕೆಜಿಯಲ್ಲಿ ಕುಳಿತರೆ ಶಿಕ್ಷಣ ಇಲಾಖೆಗೆ ಸೇರಿದ್ದು. ಒಬ್ಬ ಸಚಿವರು ಮಗುವನ್ನು ಅಂಗನವಾಡಿಗೆ ಕರೆದರೆ ಇನ್ನೊಬ್ಬ ಸಚಿವರು ಶಾಲೆಗೆ ಕರೆಯುತ್ತಾರೆ. ಇಬ್ಬರೂ ಒಂದೇ ಸಂಪುಟದವರು.

ಇದರ ಹಿನ್ನೆಲೆಯನ್ನು ತುಸು ನೋಡಬೇಕು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ. ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಶಿಫಾರಸು, ತಾಯಂದಿರಿಗೆ ಆರೋಗ್ಯ ತಿಳುವಳಿಕೆ ಮತ್ತು ಶಾಲಾಪೂರ್ವ ಶಿಕ್ಷಣ ಎಂಬ ಆರು ಸೇವೆಗಳು ಒಂದೇ ಸೂರಿನಡಿ ದೊರೆಯಬೇಕೆಂಬುದು ಅದರ ಆಶಯ. ಹಸಿದ ಮಗು ಕಲಿಯಲಾರದು, ಕಾಯಿಲೆಯ ಮಗು ಆಡಲಾರದು ಎಂಬ ಸರಳ ಸತ್ಯ ಅದರ ಹಿಂದಿತ್ತು. 2025ಕ್ಕೆ ಈ ಯೋಜನೆಗೆ 50 ವರ್ಷ ತುಂಬಿತು. ಅರ್ಧ ಶತಮಾನದಲ್ಲಿ ಅದು ಕೋಟ್ಯಂತರ ಮಕ್ಕಳ ತಟ್ಟೆ ತುಂಬಿಸಿದೆ ಎಂಬುದನ್ನು ಒಪ್ಪದಿದ್ದರೆ ಕೃತಘ್ನತೆಯಾದೀತು. ಆದರೆ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣವೇ ಹಿಂದುಳಿಯಿತು. ಅಡುಗೆ, ತೂಕ, ದಾಖಲಾತಿ, ಸಮೀಕ್ಷೆ, ಮತದಾರರ ಪಟ್ಟಿಯ ಕೆಲಸಗಳ ನಡುವೆ ಮಕ್ಕಳೊಂದಿಗೆ ಕುಳಿತು ಕತೆ ಹೇಳಲು ಆ ಕಾರ್ಯಕರ್ತೆಗೆ ಸಮಯವಾದರೂ ಎಲ್ಲಿದೆ?

ಕಾನೂನು ಕೂಡ ಈ ವಯಸ್ಸಿನ ಮಗುವಿನ ಮುಂದೆ ಕೈಕಟ್ಟಿ ನಿಂತಿದೆ. 2002ರಲ್ಲಿ ಸಂವಿಧಾನದ 86ನೇ ತಿದ್ದುಪಡಿಯು 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಮೂಲಭೂತ ಹಕ್ಕಾಗಿ ಕೊಟ್ಟಿತು. ಆರರೊಳಗಿನ ಮಕ್ಕಳಿಗೆ ಅದು ಕೊಟ್ಟದ್ದು ಸರಕಾರ ಪ್ರಯತ್ನಿಸಬೇಕೆಂಬ ನಿರ್ದೇಶನವನ್ನು ಮಾತ್ರ. 2009ರ ಶಿಕ್ಷಣ ಹಕ್ಕು ಕಾಯ್ದೆಯ 11ನೇ ಸೆಕ್ಷನ್ ಕೂಡ ಸರಕಾರ ಶಾಲಾಪೂರ್ವ ಶಿಕ್ಷಣಕ್ಕೆ ವ್ಯವಸ್ಥೆ ಮಾಡಬಹುದು ಎನ್ನುತ್ತದೆಯೇ ಹೊರತು ಮಾಡಲೇಬೇಕು ಎನ್ನುವುದಿಲ್ಲ. ಮಾಡಬಹುದು ಎಂಬ ಪದಕ್ಕೂ ಮಾಡಲೇಬೇಕು ಎಂಬ ಪದಕ್ಕೂ ನಡುವೆ ಬಡವನ ಮಗು ಮೂರು ವರ್ಷ ಕಳೆಯುತ್ತದೆ.

ಕರ್ನಾಟಕದಲ್ಲಿ ಒಂದು ಕಾಲಕ್ಕೆ ಆ ಮಗುವಿಗೆ ಖಾಸಗಿ ಶಾಲೆಯ ಎಲ್‌ಕೆಜಿಯ ಬಾಗಿಲು ಶೇ. 25ರ ಮೀಸಲಾತಿಯ ಮೂಲಕ ತೆರೆದಿತ್ತು. 2019ರಲ್ಲಿ ನಿಯಮ ಬದಲಾಯಿತು. ನೆರೆಹೊರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಸೀಟು ಇಲ್ಲ. ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಸರಕಾರಿ ಶಾಲೆಗಳು ಉಳಿಯಬೇಕು, ತೆರಿಗೆಯ ಹಣ ಖಾಸಗಿಯವರಿಗೆ ಹರಿಯಬಾರದು ಎಂಬ ವಾದದಲ್ಲಿ ಹುರುಳಿದೆ. ಆದರೆ ನೆರೆಯ ಸರಕಾರಿ ಶಾಲೆಗಳಲ್ಲಿ ಹೆಚ್ಚಿನವು ಒಂದನೇ ತರಗತಿಯಿಂದಲೇ ಆರಂಭವಾಗುತ್ತಿದ್ದವು. ಮೂರು ವರ್ಷದ ಮಗುವಿಗೆ ಅಲ್ಲಿ ಬೆಂಚೇ ಇರಲಿಲ್ಲ. ಒಂದು ಬಾಗಿಲು ಮುಚ್ಚುವಾಗ ಇನ್ನೊಂದು ತೆರೆದಿದೆಯೇ ಎಂದು ನೋಡುವ ಕನಿಷ್ಠ ಕಾಳಜಿ ಯಾವ ಇಲಾಖೆಗೂ ಇರಲಿಲ್ಲ.

ಆ ಬಾಗಿಲು ತೆರೆಯಲು ಹೊರಟಾಗ ನಡೆದದ್ದೇನು? 2019-20ರಲ್ಲಿ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಲ್‌ಕೆಜಿ ಆರಂಭವಾಯಿತು. 2024ರಲ್ಲಿ ಕಲ್ಯಾಣ ಕರ್ನಾಟಕದ ಸಾವಿರದಷ್ಟು ಸರಕಾರಿ ಶಾಲೆಗಳಿಗೆ ಅದನ್ನು ವಿಸ್ತರಿಸಲು ಮುಂದಾದಾಗ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ಮಕ್ಕಳೆಲ್ಲ ಶಾಲೆಗೆ ಹೋದರೆ ತಮ್ಮ ಕೇಂದ್ರಗಳ ಗತಿಯೇನು ಎಂಬುದು ಅವರ ಆತಂಕ. ಅದು ಸುಳ್ಳು ಆತಂಕವಲ್ಲ. ಅವರು ಪಡೆಯುವುದು ಸಂಬಳವಲ್ಲ, ಗೌರವಧನ. ಗ್ರಾಚ್ಯುಟಿಗೆ ಅವರು ಅರ್ಹರೆಂಬುದನ್ನು ಹೇಳಲು 2022ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟೇ ಬರಬೇಕಾಯಿತು. ಪ್ರತಿಭಟನೆಯ ಬೆನ್ನಿಗೆ, 2024ರ ಜುಲೈಯಲ್ಲಿ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆ ಲಕ್ಷ್ಮೀ ಹೆಬ್ಬಾಳ್ಕರ್ ಅವರ ಇಲಾಖೆಯು ಬೆಂಗಳೂರಿನ 250 ಅಂಗನವಾಡಿಗಳಿಗೆ ಸರಕಾರಿ ಮಾಂಟೆಸ್ಸರಿ ಎಂಬ ರೂಪ ಕೊಟ್ಟಿತು. ಹೀಗೆ ಒಂದೇ ಸರಕಾರದ ಎರಡು ಇಲಾಖೆಗಳು ಒಂದೇ ಮಗುವಿಗಾಗಿ ಪೈಪೋಟಿಗಿಳಿದವು. ಪೈಪೋಟಿ ಗುಣಮಟ್ಟದಲ್ಲಿ ನಡೆದಿದ್ದರೆ ನಾವು ಸಂತೋಷಪಡುತ್ತಿದ್ದೆವು. ಅದು ನಡೆದದ್ದು ಹಾಜರಿ ಪುಸ್ತಕಕ್ಕಾಗಿ.

ವಯಸ್ಸಿನ ವಿಷಯದಲ್ಲೂ ಇದೇ ಗೊಂದಲ. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು 2022ರ ಜುಲೈಯಲ್ಲಿ ಆದೇಶವಾಯಿತು. ಕೆಲವೇ ತಿಂಗಳಲ್ಲಿ ಅದನ್ನು 2025-26ಕ್ಕೆ ಮುಂದೂಡಲಾಯಿತು. ಆ ವರ್ಷ ಬಂದಾಗ, ಯುಕೆಜಿ ಮುಗಿಸಿದ ಮಕ್ಕಳಿಗೆ 5 ವರ್ಷ 5 ತಿಂಗಳು ಸಾಕೆಂದೂ ಈ ಸಡಿಲಿಕೆ ಆ ಒಂದು ವರ್ಷಕ್ಕೆ ಮಾತ್ರವೆಂದೂ ಶಿಕ್ಷಣ ಸಚಿವ ಮಧು ಬಂಗಾರಪ್ಪ ಪ್ರಕಟಿಸಿದರು. ಆರು ವರ್ಷದ ನಿಯಮವನ್ನು ನಾವು ವಿರೋಧಿಸುವುದಿಲ್ಲ. ಎಳೆಯ ಬೆರಳುಗಳಿಗೆ ಪೆನ್ಸಿಲ್ ತುರುಕುವ ಆತುರಕ್ಕೆ ಅದು ಕಡಿವಾಣ ಹಾಕುತ್ತದೆ. ಆದರೆ ನಿಯಮ ಜಾರಿಯಾಗುವುದು ಒಂದನೇ ತರಗತಿಯಲ್ಲಿ, ಅದರ ಸಿದ್ಧತೆ ನಡೆಯಬೇಕಾದದ್ದು ಎಲ್‌ಕೆಜಿಯ ಪ್ರವೇಶದಲ್ಲಿ. ನಾಲ್ಕು ತುಂಬುವ ಮೊದಲೇ ಮಗುವನ್ನು ಸೇರಿಸಿಕೊಂಡು ಶುಲ್ಕ ಪಡೆದ ಶಾಲೆಗೆ ನಷ್ಟವಿಲ್ಲ. ಇನ್ನೊಂದು ವರ್ಷದ ಶುಲ್ಕ ಕಟ್ಟುವವರು ಹೆತ್ತವರು, ಅದೇ ತರಗತಿಯಲ್ಲಿ ಮತ್ತೆ ಕುಳಿತು ಸಂಗಡಿಗರಿಂದ ಅಗಲುವುದು ಮಗು.

ಇನ್ನು ಭಾಷೆಯ ಮಾತು. ನಮ್ಮ ಕರಾವಳಿಯ ಮಗು ಮನೆಯಲ್ಲಿ ಬ್ಯಾರಿ ಮಾತಾಡುತ್ತದೆ, ಇಲ್ಲವೇ ಉರ್ದು. ಓಣಿಯಲ್ಲಿ ತುಳು ಕೇಳುತ್ತದೆ, ಮದ್ರಸಾದಲ್ಲಿ ಅರಬಿ ಅಕ್ಷರ ಕಾಣುತ್ತದೆ. ಮೂರೂವರೆ ವರ್ಷಕ್ಕೆ ಅದನ್ನು ಇಂಗ್ಲಿಷಿನ ಮುಂದೆ ಕೂರಿಸುತ್ತೇವೆ. ನಾಲ್ಕು ಭಾಷೆಗಳ ನಡುವೆ ಬೆಳೆಯುವುದು ಶಾಪವಲ್ಲ, ಸಂಪತ್ತು. ಆದರೆ ಮಗು ಬಾಯಾರಿಕೆಯಾಗುತ್ತಿದೆ ಎಂದದ್ದು ಶಿಕ್ಷಕಿಗೆ ಅರ್ಥವಾಗಬೇಕಲ್ಲವೇ? 2024ರ ಸೆಪ್ಟೆಂಬರಿನಲ್ಲಿ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯ ಅಂಗನವಾಡಿ ನೇಮಕಾತಿಯಲ್ಲಿ ಉರ್ದು ಬಲ್ಲವರನ್ನು ಕೇಳಿದ್ದು ದೊಡ್ಡ ವಿವಾದವಾಯಿತು. ಕನ್ನಡಕ್ಕೆ ಅಪಚಾರವಾಯಿತೆಂದು ಒಂದು ಪಕ್ಷ ಕೂಗಿತು, ನಿಯಮ ಹಳೆಯದೆಂದು ಸರಕಾರ ಸಮರ್ಥಿಸಿಕೊಂಡಿತು. ಮೂರು ವರ್ಷದ ಮಗುವಿಗೆ ಯಾವ ಮಾತು ಅರ್ಥವಾಗುತ್ತದೆ ಎಂಬುದನ್ನು ಕೇಳಿದವರು ಎಷ್ಟು ಮಂದಿ? ಕನ್ನಡ ಈ ಮಣ್ಣಿನ ಭಾಷೆ. ನಮ್ಮ ಮಕ್ಕಳು ಅದನ್ನು ಚೆನ್ನಾಗಿ ಕಲಿಯಲೇಬೇಕು. ಮನೆಮಾತನ್ನು ಬಲ್ಲ ಅಕ್ಕರೆಯ ಶಿಕ್ಷಕಿಯೊಬ್ಬಳು ಕೈ ಹಿಡಿದು ಕರೆತಂದರೆ ಮಗು ಕನ್ನಡದ ಹೊಸ್ತಿಲನ್ನು ಹೆದರದೆ ದಾಟುತ್ತದೆ. ಆ ಕೈಯನ್ನು ಕನ್ನಡದ ವೈರಿ ಎನ್ನುವುದು ರಾಜಕೀಯವೇ ಹೊರತು ಭಾಷಾಪ್ರೇಮವಲ್ಲ.

ಸರಕಾರದ ತಪ್ಪುಗಳನ್ನು ಎಣಿಸುವ ಬೆರಳು ನಮ್ಮ ಕಡೆಗೂ ತಿರುಗಬೇಕು. ಅಂಗನವಾಡಿ ಎಂದರೆ ಬಡವರ ಮಕ್ಕಳ ಗಂಜಿ ಕೇಂದ್ರ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಗರ್ಭಿಣಿಯಾಗಿದ್ದಾಗ ತಾಯಿ ಕಾರ್ಡ್ ಮಾಡಿಸಲು, ಚುಚ್ಚುಮದ್ದಿಗೆ ಅಲ್ಲಿಗೆ ಹೋದವರು ಮಗುವಿಗೆ ಮೂರು ತುಂಬಿದೊಡನೆ ಆ ದಾರಿ ಮರೆಯುತ್ತಾರೆ. ಪ್ರತಿ ಅಂಗನವಾಡಿಗೂ ಬಾಲವಿಕಾಸ ಸಮಿತಿಯಿದೆ. ಅದರ ಸಭೆಗೆ ಹೋದ ನಮ್ಮ ಹೆತ್ತವರು ಎಷ್ಟು? ನಮ್ಮ ಟ್ರಸ್ಟುಗಳೂ ಸಂಘಗಳೂ ತೆರೆದ ಕಿಂಡರ್‌ಗಾರ್ಟನ್‌ಗಳ ಗೋಡೆಯ ಬಣ್ಣ ಚೆನ್ನಾಗಿದೆ. ಆದರೆ ಒಳಗಿರುವ ಶಿಕ್ಷಕಿ ನಮ್ಮದೇ ಬೀದಿಯ ಹೆಣ್ಣುಮಗಳು, ತರಬೇತಿ ಇಲ್ಲದವಳು, ಕೈಗೆ ಸಿಗುವ ಹಣ ಹೇಳಲು ನಾಚುವವಳು. ಸರಕಾರ ಅಂಗನವಾಡಿ ಕಾರ್ಯಕರ್ತೆಗೆ ಮಾಡಿದ್ದನ್ನೇ ನಾವು ಇವಳಿಗೆ ಮಾಡಿದರೆ ಸರಕಾರವನ್ನು ಟೀಕಿಸುವ ನೈತಿಕ ಬಲ ನಮಗೆ ಉಳಿದೀತೇ? ಮುಸ್ಲಿಮರಲ್ಲಿ 6ರಿಂದ 14 ವರ್ಷದ ಮಕ್ಕಳ ಪೈಕಿ ನಾಲ್ಕರಲ್ಲೊಂದು ಶಾಲೆಗೇ ಹೋಗಿಲ್ಲ ಅಥವಾ ನಡುವೆ ಬಿಟ್ಟಿದೆ ಎಂದು 2006ರಲ್ಲಿ ಸಾಚಾರ್ ಸಮಿತಿ ಹೇಳಿದಾಗ ನಾವೆಲ್ಲ ಬೆಚ್ಚಿದೆವು. ಹೈಸ್ಕೂಲಿನಲ್ಲಿ ಬಿಡುವ ಮಗು ಹೈಸ್ಕೂಲಿನಲ್ಲಿ ಸೋಲುವುದಲ್ಲ. ಎಷ್ಟೋ ಸಲ ಅದು ಒಂದನೇ ತರಗತಿಯಲ್ಲೇ, ಏನೂ ಅರ್ಥವಾಗದ ಮೊದಲ ವಾರದಲ್ಲೇ, ಒಳಗೊಳಗೆ ಸೋತಿರುತ್ತದೆ.

ಪರಿಹಾರ ಕ್ಲಿಷ್ಟವಲ್ಲ. ಅಂಗನವಾಡಿಗಳಲ್ಲಿ ಚಿಲಿಪಿಲಿ ಎಂಬ ಚಟುವಟಿಕೆಯ ಪಠ್ಯಕ್ರಮವಿದೆ. ಸರಕಾರಿ ಶಾಲೆಯ ಮೊದಲ ತರಗತಿಗಳಿಗೆ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ನಲಿಕಲಿ ಇದೆ. ಎರಡೂ ಆಟದ ಮೂಲಕ ಕಲಿಕೆಯನ್ನೇ ಹೇಳುತ್ತವೆ. ಈ ಎರಡನ್ನು ಹೆಣೆಯಲು ಎರಡು ಇಲಾಖೆಗಳ ಅಧಿಕಾರಿಗಳು ಒಂದೇ ಮೇಜಿನ ಸುತ್ತ ಕುಳಿತರೆ ಸಾಕು. ಅಂಗನವಾಡಿಗಳು ಸಾಧ್ಯವಿದ್ದಲ್ಲೆಲ್ಲ ಶಾಲೆಯ ಆವರಣಕ್ಕೆ ಬರಲಿ. ಆಹಾರ, ಆರೋಗ್ಯ ಒಂದು ಇಲಾಖೆಯದಾದರೆ ಕಲಿಕೆಯ ತರಬೇತಿ ಇನ್ನೊಂದರದ್ದಾಗಲಿ. ಅಡುಗೆ, ಸಮೀಕ್ಷೆಗಳ ಹೊರೆ ಇಲ್ಲದ ಶಿಕ್ಷಕಿಯೊಬ್ಬಳು ಪ್ರತಿ ಕೇಂದ್ರಕ್ಕೂ ಸಿಗಲಿ, ಈಗಿರುವ ಕಾರ್ಯಕರ್ತೆಯರಲ್ಲಿ ಅರ್ಹರಿಗೆ ಅದರಲ್ಲಿ ಮೊದಲ ಅವಕಾಶವಿರಲಿ. ಮಗುವನ್ನು ಎರಡು ವರ್ಷ ಬಲ್ಲ ಕಾರ್ಯಕರ್ತೆಯು ಒಂದನೇ ತರಗತಿಯ ಶಿಕ್ಷಕಿಯೊಡನೆ ಜೂನ್‌ಗೆ ಮುನ್ನ ಒಂದು ದಿನ ಕೂತು ಮಾತಾಡಲಿ. ಇದಕ್ಕೆ ಬೇಕಾದ ಹಣ ಅಲ್ಪ, ಬೇಕಾದದ್ದು ಮನಸ್ಸು. ಸುಖದೇವ್ ಥೋರಟ್ ಆಯೋಗವು 2025ರ ಆಗಸ್ಟಿನಲ್ಲಿ ರಾಜ್ಯ ಶಿಕ್ಷಣ ನೀತಿಯ ವರದಿ ಕೊಡುವಾಗ ಎರಡು ವರ್ಷದ ಶಾಲಾಪೂರ್ವ ಹಂತವನ್ನು ಶಿಕ್ಷಣದ ಚೌಕಟ್ಟಿನೊಳಗೇ ಇರಿಸಿತು. ಆ ಎರಡು ವರ್ಷ ಯಾವ ಇಲಾಖೆಯ ಮನೆಯಲ್ಲಿ ಕಳೆಯಬೇಕೆಂಬ ಜಗಳದಲ್ಲಿ ಶಿಫಾರಸು ಕಳೆದುಹೋಗಬಾರದು.

ಜಮಾಅತ್ ಸಮಿತಿಗಳು ಈ ವರ್ಷ ಒಂದು ಕೆಲಸ ಮಾಡಲಿ. ತಮ್ಮ ವ್ಯಾಪ್ತಿಯಲ್ಲಿ ಮೂರರಿಂದ ಆರು ವರ್ಷದ ಎಷ್ಟು ಮಕ್ಕಳಿದ್ದಾರೆ, ಅವರು ಹಗಲು ಎಲ್ಲಿ ಕಳೆಯುತ್ತಾರೆ ಎಂಬುದನ್ನು ಮನೆಮನೆಗೆ ಹೋಗಿ ಬರೆದುಕೊಳ್ಳಲಿ. ಸಮೀಪದ ಅಂಗನವಾಡಿ ಬಾಡಿಗೆಯ ಇಕ್ಕಟ್ಟಿನ ಕೋಣೆಯಲ್ಲಿದ್ದರೆ, ಹಗಲು ಬೀಗ ಹಾಕಿರುವ ನಮ್ಮ ಸಭಾಂಗಣದ ಒಂದು ಕೋಣೆಯನ್ನು ಅದಕ್ಕೆ ಕೊಡುವ ಮಾತಾಡಲಿ. ಅಲ್ಲಿ ನಮ್ಮ ಮಕ್ಕಳ ಪಕ್ಕದಲ್ಲಿ ನೆರೆಮನೆಯ ಹಿಂದೂ, ಕ್ರೈಸ್ತ ಮಕ್ಕಳೂ ಕುಳಿತು ಉಣ್ಣಲಿ. ದೊಡ್ಡವರು ವೇದಿಕೆ ಹತ್ತಿ ಹೇಳುವ ಸೌಹಾರ್ದವನ್ನು ಆ ಮಕ್ಕಳು ಚಾಪೆಯ ಮೇಲೆ ಕುಳಿತು ಕಲಿಯುತ್ತಾರೆ.

ಅಂಗನವಾಡಿ ಎಂಬ ಹೆಸರಿನಲ್ಲಿ ಅಂಗಳವಿದೆ. ಅಂಗಳ ಯಾವ ಇಲಾಖೆಯದೂ ಅಲ್ಲ, ಅದು ಮನೆಯದು ಮತ್ತು ಊರಿನದು. ಅದನ್ನು ಗುಡಿಸಿ ಇಡುವ ಹೊಣೆ ಸರಕಾರದ್ದೆಂದು ನಾವು ಕೇಳುತ್ತಲೇ ಇರೋಣ. ಆದರೆ ಕಸಬರಿಕೆ ನಮ್ಮ ಕೈಯಲ್ಲೂ ಇರಲಿ.