ಕತ್ತಿನ ಕಪ್ಪು ಕೊಳೆಯಲ್ಲ



ಮಕ್ಕಳ ಕತ್ತಿನ ಹಿಂಭಾಗ ಕಪ್ಪಾಗಿ ಕಂಡರೆ ನಮ್ಮ ಮನೆಗಳಲ್ಲಿ ಮೊದಲು ಬರುವ ಮಾತು "ಸರಿಯಾಗಿ ಮೀಯುವುದಿಲ್ಲ" ಎಂದು. ಆಮೇಲೆ ತೆಂಗಿನ ನಾರು, ಕಡಲೆಹಿಟ್ಟು, ಲಿಂಬೆರಸ. ಉಜ್ಜಿ ಉಜ್ಜಿ ಚರ್ಮ ಉರಿಯುತ್ತದೆ, ಕಪ್ಪು ಮಾತ್ರ ಹೋಗುವುದಿಲ್ಲ. ಹೋಗುವಂತೆಯೂ ಇಲ್ಲ, ಏಕೆಂದರೆ ಅದು ಕೊಳೆಯಲ್ಲ.

ವೈದ್ಯರು ಇದನ್ನು ಅಕಾಂಥೋಸಿಸ್ ನಿಗ್ರಿಕಾನ್ಸ್ ಎನ್ನುತ್ತಾರೆ. ಹೆಸರು ನೆನಪಿರಬೇಕಾಗಿಲ್ಲ, ಗುರುತು ತಿಳಿದಿದ್ದರೆ ಸಾಕು. ಕತ್ತು, ಕಂಕುಳು, ತೊಡೆಸಂದು, ಕೆಲವೊಮ್ಮೆ ಬೆರಳ ಗಂಟುಗಳ ಮೇಲೆ ಚರ್ಮ ಕಪ್ಪಾಗಿ, ದಪ್ಪವಾಗಿ, ಮುಟ್ಟಿದರೆ ಮಖಮಲ್ಲಿನ ಹಾಗೆ ಇರುತ್ತದೆ. ಅಲ್ಲಲ್ಲಿ ನರೂಲಿಯಂತಹ ಮೆದುವಾದ ಸಣ್ಣ ತೊಗಲಿನ ಚೂರುಗಳು ಜೋತಾಡುವುದೂ ಉಂಟು. ಕಾರಣ ಹೆಚ್ಚಾಗಿ ಒಳಗಿನದು. ಉಂಡ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಸೇರಿದಾಗ ಅದನ್ನು ಸ್ನಾಯುಗಳೊಳಗೆ ಸೇರಿಸುವ ಕೆಲಸ ಇನ್ಸುಲಿನ್ನದು. ಹೊಟ್ಟೆಯಲ್ಲೂ ಯಕೃತ್ತಿನಲ್ಲೂ ಕೊಬ್ಬು ತುಂಬಿದಾಗ ಶರೀರ ಇನ್ಸುಲಿನ್ನಿನ ಮಾತು ಕೇಳುವುದಿಲ್ಲ. ಆಗ ಮೇದೋಜೀರಕ ಗ್ರಂಥಿ ಇನ್ನೂ ಹೆಚ್ಚು ಇನ್ಸುಲಿನ್ ಸುರಿಸುತ್ತದೆ. ಹೀಗೆ ಮಿಕ್ಕಿದ ಇನ್ಸುಲಿನ್ ಚರ್ಮದ ಜೀವಕೋಶಗಳನ್ನು ಬೇಕಾದ್ದಕ್ಕಿಂತ ಹೆಚ್ಚಾಗಿ ಬೆಳೆಸುತ್ತದೆ. ರಕ್ತದ ಸಕ್ಕರೆ ಇನ್ನೂ ಸರಿಯಿರುವಾಗಲೇ, ಕೆಲವರಲ್ಲಿ ವರ್ಷಗಳ ಮೊದಲೇ, ಕತ್ತು ಸುದ್ದಿ ಹೇಳಿರುತ್ತದೆ.

ಅಡಿಕೆ ಸೋಗೆ ಹಳದಿಯಾದರೆ ನಾವು ಅದಕ್ಕೆ ಹಸಿರು ಬಣ್ಣ ಬಳಿಯುವುದಿಲ್ಲ. ಬುಡ ನೋಡುತ್ತೇವೆ, ನೀರು ನಿಂತಿದೆಯೇ ನೋಡುತ್ತೇವೆ, ಮಣ್ಣು ಪರೀಕ್ಷೆಗೆ ಕೊಡುತ್ತೇವೆ. ಮಗಳ ಕತ್ತಿನ ವಿಷಯದಲ್ಲಿ ಮಾತ್ರ ಬಣ್ಣದ ಡಬ್ಬಿ ಹುಡುಕುತ್ತೇವೆ. ಮದುವೆ ಮಾತುಕತೆ ಶುರುವಾದ ಮನೆಯಲ್ಲಂತೂ ಹೇಳುವುದೇ ಬೇಡ! ಬೆಳ್ಳಗಾಗುವ ಮುಲಾಮು ಎಂದು ಕೊಂಡುತರುವ ಕೆಲವದರಲ್ಲಿ ಸ್ಟೀರಾಯ್ಡ್ ಇರುತ್ತದೆ. ನಾಲ್ಕು ದಿನ ಚರ್ಮ ತಿಳಿಯಾದಂತೆ ಕಾಣುತ್ತದೆ. ಹಚ್ಚುತ್ತಾ ಹೋದರೆ ಚರ್ಮ ತೆಳುವಾಗಿ, ಕೆಂಪೇರಿ, ಮೊಡವೆ ಎದ್ದು, ಮುಖದಲ್ಲಿ ಕೂದಲೂ ಬೆಳೆಯುತ್ತದೆ. ಗಜಕರ್ಣಕ್ಕೆ ಹಚ್ಚಿದರೆ ತುರಿಕೆ ಅಡಗಿ, ರೋಗ ಹರಡುತ್ತದೆ. 2018ರಲ್ಲಿ ಕೇಂದ್ರ ಸರಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು. ಚೀಟಿಯಿಲ್ಲದೆ ಕೇಳಿ ತರುವವರು ನಮ್ಮಲ್ಲಿ ಈಗಲೂ ಇದ್ದಾರೆ.

ಇದರಲ್ಲಿ ನನಗೆ ಕಾಣುವುದು ಹೆಣ್ಣುಮಕ್ಕಳ ಮೇಲಿನ ಅನ್ಯಾಯ. ಮೊದಲು ಹಂಗಿಸುತ್ತೇವೆ, ಆಮೇಲೆ ರೋಗದ ಮುನ್ಸೂಚನೆಯನ್ನೇ ಮುಲಾಮಿನಿಂದ ಮುಚ್ಚಿಡುತ್ತೇವೆ. ಮುಟ್ಟು ಎರಡು ಮೂರು ತಿಂಗಳು ತಪ್ಪುವುದು, ಗಲ್ಲದಲ್ಲಿ ಕೂದಲು, ಮೈ ಭಾರ, ಜೊತೆಗೆ ಕತ್ತಿನ ಕಪ್ಪು, ಇವೆಲ್ಲ ಒಟ್ಟಿಗೆ ಕಂಡರೆ ತಾಯಂದಿರು ನಾಚಿಕೆ ಬಿಟ್ಟು ಮಗಳನ್ನು ವೈದ್ಯರಲ್ಲಿಗೆ ಕರೆದೊಯ್ಯಬೇಕು. ಅಂಡಾಶಯದ ತೊಂದರೆಗೂ ಇದೇ ಇನ್ಸುಲಿನ್ನಿನ ನಂಟು ಇರುತ್ತದೆ.

ದುಡಿಯುವ ಕೃಷಿಕರ ಮನೆಗೆ ಬೊಜ್ಜು ಎಲ್ಲಿಂದ ಎಂದು ಕೇಳಬಹುದು. ನಮ್ಮ ಅಜ್ಜಂದಿರು ಏತ ಎಳೆದರು, ಗುಡ್ಡದಿಂದ ಸೊಪ್ಪು ಹೊತ್ತರು. ಅವರ ಕಾಲದ ಬಡಮಕ್ಕಳ ಮೊಣಕೈ ಮೊಣಕಾಲುಗಳಲ್ಲಿ ಚರ್ಮ ಮುಳ್ಳುಮುಳ್ಳಾಗಿ ಏಳುತ್ತಿತ್ತು. ಅದು ಎ ಜೀವಸತ್ವವೂ ಎಣ್ಣೆಯಂಶವೂ ಸಾಲದ ಹಸಿವಿನ ಗುರುತು. ಈಗ ನೀರಿಗೆ ಪಂಪು, ಹುಲ್ಲಿಗೆ ಯಂತ್ರ, ತೋಟದ ತನಕ ಜೀಪು. ಅನ್ನದ ಬಟ್ಟಲು ಮಾತ್ರ ಅಜ್ಜನ ಕಾಲದ್ದೇ. ಅದರ ಮೇಲೆ ನಾಲ್ಕು ಹೊತ್ತಿನ ಸಿಹಿ ಚಾ, ಬೇಕರಿ ತಿಂಡಿ, ರಾತ್ರಿ ಮೈದಾ ಪರೋಟ. ಕುಚ್ಚಲಕ್ಕಿಯನ್ನು ನಾನು ದೂರುವುದಿಲ್ಲ, ದೂರುವುದು ರಾಶಿಯನ್ನು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ದೇಶವ್ಯಾಪಿ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ಅದರಂತೆ 20 ವರ್ಷ ದಾಟಿದವರಲ್ಲಿ ಸಕ್ಕರೆ ಕಾಯಿಲೆ ಇಡೀ ದೇಶದಲ್ಲಿ ಶೇ. 11.4, ಗೋವಾದಲ್ಲಿ ಶೇ. 26.4, ನಮ್ಮ ಕೇರಳದಲ್ಲಿ ಶೇ. 25.5. ನಾಲ್ವರಲ್ಲಿ ಒಬ್ಬರು!

ಸಕ್ಕರೆ ಏರಿದ ಮೇಲೆ ಚರ್ಮದ ಕಷ್ಟ ಬೇರೆಯೇ. ತೊಡೆಸಂದಿನಲ್ಲಿ, ಸ್ತನಗಳ ಕೆಳಗೆ ಬೆವರು ನಿಂತು ಬೂಸು ಹಿಡಿಯುತ್ತದೆ, ಕುರು ಮೇಲಿಂದ ಮೇಲೆ ಏಳುತ್ತದೆ. ಎಲ್ಲಕ್ಕಿಂತ ನನಗೆ ಭಯ ಪಾದದ್ದು. ಮಳೆಗಾಲವಿಡೀ ಬರಿಗಾಲಲ್ಲಿ ತೋಟ ಸುತ್ತುವವರು ನಾವು. ಕಾಲ್ಬೆರಳ ಸಂದು ನೀರಿನಿಂದ ಬಿರಿಯುತ್ತದೆ. ನರಗಳು ಜಡವಾಗಿರುವ ಕಾಲಿಗೆ ಮುಳ್ಳು ಹೊಕ್ಕರೂ ತಿಳಿಯುವುದಿಲ್ಲ. ನೋವಿಲ್ಲವೆಂದು ಸುಮ್ಮನಿದ್ದು, ಕೊನೆಗೆ ಬೆರಳನ್ನೋ ಕಾಲನ್ನೋ ಕಳೆದುಕೊಳ್ಳುವವರಿದ್ದಾರೆ. ಕಾಯಿಲೆಯಿದ್ದವರು ತೋಟಕ್ಕೆ ಬೂಟು ಹಾಕಲಿ, ಸಂಜೆ ಕಾಲು ತೊಳೆದು ಬೆರಳ ಸಂದು ಒಣಬಟ್ಟೆಯಿಂದ ಒರಸಲಿ, ಅಂಗಾಲನ್ನು ಕನ್ನಡಿಯಲ್ಲಿ ನೋಡಲಿ. ಕಾಣದಿದ್ದರೆ ಮೊಮ್ಮಕ್ಕಳಿಗೆ ತೋರಿಸಲಿ.

ಕತ್ತು ಕಪ್ಪಾದವರಿಗೆಲ್ಲ ಸಕ್ಕರೆ ಕಾಯಿಲೆ ಬಂದೇ ಬರುತ್ತದೆ ಎಂದಲ್ಲ. ಚೆನ್ನೈಯ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಸಕ್ಕರೆ ಗಡಿಯಲ್ಲಿದ್ದವರನ್ನು ಮೂರು ವರ್ಷ ನೋಡಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಊಟ ತಿದ್ದಿಕೊಂಡು ನಡಿಗೆ ಹೆಚ್ಚಿಸಿದವರಲ್ಲಿ ಕಾಯಿಲೆಗೆ ತಿರುಗುವ ಸಾಧ್ಯತೆ ಶೇ. 28.5ರಷ್ಟು ಕಡಿಮೆಯಾಗಿತ್ತು. ತೂಕ ಇಳಿದಂತೆ ಕತ್ತಿನ ಕಪ್ಪೂ ಮೆಲ್ಲಮೆಲ್ಲನೆ ತಿಳಿಯಾಗುವುದುಂಟು, ಆದರೆ ತಿಂಗಳುಗಳು ಬೇಕು. ಅನ್ನ ಅರ್ಧಕ್ಕೆ ಇಳಿಸಿ, ಆ ಜಾಗಕ್ಕೆ ಹುರುಳಿ, ಹೆಸರು, ಬಸಳೆ, ತೊಂಡೆಕಾಯಿ ಬರಲಿ. ಬೂತಾಯಿ, ಬಂಗುಡೆ ಗಸಿ ಮಾಡಿದರೆ ಒಳ್ಳೆಯದು, ಎಣ್ಣೆಯಲ್ಲಿ ಮುಳುಗಿಸುವುದು ಬೇಡ. ಹೊಕ್ಕುಳ ಮಟ್ಟದಲ್ಲಿ ಸೊಂಟಕ್ಕೆ ದರ್ಜಿಯ ಟೇಪು ಹಿಡಿಯಿರಿ: ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ಸರಕಾರಿ ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ಇದಕ್ಕೆ ವ್ಯವಸ್ಥೆಯಿದೆ. ಬರಿಹೊಟ್ಟೆಯ ಸಕ್ಕರೆ 100ರಿಂದ 125 ಇದ್ದರೆ ಗಡಿ, 126 ಅಥವಾ ಹೆಚ್ಚಿದ್ದರೆ ಮತ್ತೊಮ್ಮೆ ಪರೀಕ್ಷಿಸಿ ಚಿಕಿತ್ಸೆ ಶುರುಮಾಡುತ್ತಾರೆ.

ಒಂದು ಎಚ್ಚರಿಕೆ ಮಾತ್ರ. ಪ್ರಾಯವಾದವರಲ್ಲಿ, ಮೈ ಇಳಿಯುತ್ತಿರುವಾಗಲೇ ಈ ಕಪ್ಪು ಹಠಾತ್ತನೆ ಕಾಣಿಸಿ ಬೇಗ ಹರಡಿದರೆ ಅದು ಬೊಜ್ಜಿನದ್ದಲ್ಲ. ಹೊಟ್ಟೆಯೊಳಗಿನ ಕ್ಯಾನ್ಸರಿನ ಗುರುತೂ ಆಗಿರಬಹುದು. ಅಂಥವರು ಹಬ್ಬ ಕಳೆಯಲಿ, ಅಡಿಕೆ ಕೊಯ್ಲು ಮುಗಿಯಲಿ ಎಂದು ಕಾಯದೆ ಅದೇ ವಾರ ದೊಡ್ಡ ಆಸ್ಪತ್ರೆಗೆ ಹೋಗಬೇಕು.