ದೌಂಡಕ್ಕೆ ಹುಲ್ಲುಹಾಸಿನ ಉಪದೇಶ ಬೇಡ

ಸಣ್ಣ ಊರಿನ ಮನೆಗಳಿಗೂ ಹಸಿರು ಹುಲ್ಲುಹಾಸು, ಅಂಗಳ ತುಂಬ ಪೇವರ್, ಕಾಂಪೌಂಡಿಗೆ ಕೋನೋಕಾರ್ಪಸ್ ಗಿಡಗಳ ಸಾಲು ಬೇಕು ಎಂದು ಬರೆದ ಲೇಖಕರು ಮಹಾರಾಷ್ಟ್ರದ ದೌಂಡವನ್ನು ಉದಾಹರಣೆಯಾಗಿ ಎತ್ತಿಕೊಂಡಿದ್ದಾರೆ. ಅದೇ ನನಗೆ ನೋವಿನ ಸಂಗತಿ. ದೌಂಡ ಭೀಮಾ ನದಿಯ ದಂಡೆಯಲ್ಲಿದೆ, ನಿಜ. ಆದರೆ ಅದು ಸಹ್ಯಾದ್ರಿಯ ಮಳೆ ನೆರಳಿನ ಊರು. ನದಿ ಪಕ್ಕದಲ್ಲಿ ಹರಿದ ಮಾತ್ರಕ್ಕೆ ಅಂಗಳಕ್ಕೆ ನೀರು ಸಿಕ್ಕಂತಾಯಿತೇ?

ಲೆಕ್ಕ ಸರಳ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ನೀರೆಂದರೆ ಒಂದು ಲೀಟರ್. 100 ಚದರ ಮೀಟರ್ ಹುಲ್ಲಿಗೆ ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ಕೊಟ್ಟರೂ 500 ಲೀಟರ್ ಬೇಕು. ಟ್ಯಾಂಕರಿಗೆ ಕಾಯುವ ಓಣಿಯಲ್ಲಿ ಇದನ್ನು ಸೌಂದರ್ಯ ಎನ್ನಲು ನಾನು ಒಪ್ಪುವುದಿಲ್ಲ.

ಪೇವರ್ ಮಾತು ಇನ್ನೂ ಅಪಾಯದ್ದು. ಇಲ್ಲಿನ ಎರೆಮಣ್ಣು ನೀರುಂಡು ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಗಟ್ಟಿ ಬುನಾದಿಯಿಲ್ಲದೆ ಹಾಸಿದ ಕಲ್ಲು ಕೆಲವೇ ಮಳೆಗಾಲಗಳಲ್ಲಿ ಏರುಪೇರಾಗುತ್ತದೆ; ಬಿದ್ದ ಮಳೆ ಇಂಗದೆ ಬೀದಿಗೆ ಓಡುತ್ತದೆ. ಕೋನೋಕಾರ್ಪಸ್ ಬಗ್ಗೆ ಹೇಳುವುದಾದರೆ, ಗುಜರಾತ್ ಸರ್ಕಾರ 2023ರಲ್ಲೇ ಅದನ್ನು ನೆಡುವುದನ್ನು ನಿಷೇಧಿಸಿದೆ. ಲೇಖಕರು ಇದನ್ನು ಓದುಗರಿಗೆ ತಿಳಿಸಬೇಕಿತ್ತು.

ಬೇವು, ಹೊಂಗೆ, ಕಕ್ಕೆ, ನುಗ್ಗೆ, ಕಣಗಿಲೆ, ದುಂಡುಮಲ್ಲಿಗೆ: ದೌಂಡದಿಂದ ಕಲಬುರಗಿವರೆಗಿನ ಬಯಲುಸೀಮೆಯ ಬಿಸಿಲಿಗೆ ಹೊಂದುವ ಗಿಡಗಳಿವು. ಪಾತ್ರೆ ತೊಳೆದ ನೀರಲ್ಲೇ ಬಚ್ಚಲ ಹಿಂದಿನ ನುಗ್ಗೆ ಕಾಯಿ ಬಿಡುತ್ತದೆ. ವಿನ್ಯಾಸಕಾರರು ಮೊದಲು ಮನೆಯ ಮಾಳಿಗೆಯ ಮಳೆನೀರು ಎಲ್ಲಿ ಇಂಗಬೇಕೆಂದು ಗುರುತಿಸಲಿ, ಆಮೇಲೆ ಗಿಡದ ಜಾಗ ಬರೆಯಲಿ.