ಗುಟ್ಟು ಯಾರದು?

ನಮ್ಮ ಕಾಲೇಜಿನ ಕನ್ನಡ ಸಂಘಕ್ಕೆ ಫೇಸ್‌ಬುಕ್‌ನಲ್ಲಿ ಒಂದು ಪುಟ ಬೇಕೆಂದು ಈ ವರ್ಷ ವಿದ್ಯಾರ್ಥಿಗಳು ಕೇಳಿದರು. ಅದಕ್ಕೆ ಸಂಘದ ಸಲಹೆಗಾರನಾದ ನಾನು ಅಲ್ಲಿ ಖಾತೆ ತೆರೆಯಬೇಕಂತೆ. ಇದುವರೆಗೆ ನನಗೆ ಅದಿಲ್ಲ. ಒಂದು ವಾರದ ಅವಧಿ ಕೇಳಿದೆ.

ಗಾಂಧಿ ಬಜಾರಿನಲ್ಲಿ ಕಾಫಿ ಕುಡಿಯುತ್ತ ಈ ಸಂಗತಿಯನ್ನು ಹೇಳಿದಾಗ, ಚರಿತ್ರೆ ಕಲಿಸುವ ನನ್ನ ಮಿತ್ರರು ನಕ್ಕುಬಿಟ್ಟರು. "ಅಲ್ಲ ಸ್ವಾಮಿ, ಮುಚ್ಚಿಡುವಂಥದು ನಿಮ್ಮಲ್ಲಿ ಏನಿದೆ? ಸಂಬಳ ಸರ್ಕಾರಕ್ಕೆ ಗೊತ್ತು, ಸಾಲ ಬ್ಯಾಂಕಿಗೆ ಗೊತ್ತು, ಮಿಕ್ಕದ್ದು ನಿಮ್ಮ ಬೀದಿಗೇ ಗೊತ್ತು!" ನಾನೂ ನಕ್ಕೆ. ಆದರೆ ಆ ಮಾತು ನನ್ನೊಡನೆ ಮನೆಯವರೆಗೂ ಬಂತು.

ಅದರಲ್ಲಿ ಅರ್ಧ ಸತ್ಯವಿದೆ. ನಾನು ಬೆಳೆದದ್ದು ಚಾಮರಾಜಪೇಟೆಯ ಒಂದು ವಠಾರದಲ್ಲಿ. ಆರು ಮನೆಗೆ ಒಂದೇ ನಲ್ಲಿ, ಒಂದೇ ಅಂಗಳ. ಯಾರ ಮನೆಗೆ ನೆಂಟರು ಬಂದರು, ಯಾರ ಮಗ ಪರೀಕ್ಷೆಯಲ್ಲಿ ಫೇಲಾದ, ಎಲ್ಲವೂ ಎಲ್ಲರಿಗೂ ತಿಳಿಯುತ್ತಿತ್ತು. ಖಾಸಗಿತನವೆಂಬ ಮಾತನ್ನು ಅಲ್ಲಿ ಯಾರೂ ಆಡಿದವರಲ್ಲ. ಆದರೂ 'ಸಂಸಾರ ಗುಟ್ಟು, ವ್ಯಾಧಿ ರಟ್ಟು' ಎಂಬ ಗಾದೆ ಅಲ್ಲಿಯ ಅಜ್ಜಿಯರ ನಾಲಗೆಯ ಮೇಲಿತ್ತು. ರೋಗವನ್ನು ಹೇಳಿಕೊಂಡರೆ ಮದ್ದು ಸಿಕ್ಕೀತು. ಮನೆಯ ಮಾತು ಮನೆಯಲ್ಲಿರಲಿ. ಎಲ್ಲವನ್ನೂ ಮುಚ್ಚಿಡು ಎಂದು ಗಾದೆ ಹೇಳುವುದಿಲ್ಲ. ಯಾವುದನ್ನು, ಯಾರಿಗೆ, ಯಾತಕ್ಕಾಗಿ ಹೇಳಬೇಕೆಂಬ ವಿವೇಕ ಹೇಳುವವನದು, ಅಷ್ಟೆ.

ವಠಾರಕ್ಕೆ ಇನ್ನೊಂದು ಗುಣವಿತ್ತು. ನಮ್ಮನ್ನು ಬಲ್ಲವರನ್ನು ನಾವೂ ಬಲ್ಲವರಾಗಿದ್ದೆವು. ಆಡಿಕೊಂಡ ನಾಲಗೆಗೆ ಒಂದು ಹೆಸರಿತ್ತು, ಒಂದು ಬಾಗಿಲಿತ್ತು; ಹೋಗಿ ಕೇಳಬಹುದಾಗಿತ್ತು. ವರ್ಷ ಕಳೆದರೆ ಜನ ಮರೆತೂಬಿಡುತ್ತಿದ್ದರು. ಇಂದು ನಮ್ಮನ್ನು ಬಲ್ಲ ಕಂಪನಿಯನ್ನು ನಾವು ಬಲ್ಲೆವೆ? ಅದು ತಾನಾಗಿ ಮರೆಯುವುದೂ ಇಲ್ಲ. ನಮ್ಮ ವಿಷಯ ತಿಳಿದುಕೊಂಡು, ಅದಕ್ಕೆ ತಕ್ಕಂತೆ ನಮ್ಮ ಗಮನವನ್ನು ಜಾಹೀರಾತುದಾರರಿಗೆ ಮಾರುವುದೇ ಅದರ ಜೀವನೋಪಾಯ.

ಈ ಪ್ರಶ್ನೆಯಲ್ಲಿ ದೇಶಕ್ಕೆ ಒಂದು ತೀರ್ಪು ದೊರೆತದ್ದು ನಮ್ಮ ಬೆಂಗಳೂರಿನ ಹಿರಿಯರೊಬ್ಬರ ಹೆಸರಿನಲ್ಲಿ. ಕರ್ನಾಟಕದ ಉಚ್ಚ ನ್ಯಾಯಾಲಯದಿಂದ ನಿವೃತ್ತರಾಗಿದ್ದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಸಂಸತ್ತು ಕಾಯಿದೆಯನ್ನೇ ಮಾಡದಿರುವಾಗ ಜನರ ಬೆರಳಚ್ಚನ್ನು ಪಡೆಯಬಹುದೆ ಎಂಬುದು ಅವರ ತಕರಾರು. 2015ರಲ್ಲಿ ಕೇಂದ್ರ ಸರ್ಕಾರ 1954 ಮತ್ತು 1962ರ ತೀರ್ಪುಗಳನ್ನು ಮುಂದಿಟ್ಟು, ಖಾಸಗಿತನವು ಮೂಲಭೂತ ಹಕ್ಕೇ ಅಲ್ಲವೆಂದು ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ಹಳೆಯ ಮಾತನ್ನು ಬದಿಗೊತ್ತಿತು. ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲಿಯೇ ಖಾಸಗಿತನವೂ ಅಡಕವಾಗಿದೆಯೆಂದು ಒಮ್ಮತದಿಂದ ಸಾರಿತು. ಸರ್ಕಾರ ನಮ್ಮ ಗುಟ್ಟನ್ನು ಕೇಳಬೇಕಾದರೆ ಕಾಯಿದೆಯಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಉದ್ದೇಶಕ್ಕೆ ತಕ್ಕಷ್ಟನ್ನೇ ಕೇಳಬೇಕು. ಅಜ್ಜಿಯರ ಗಾದೆಗೂ ಇದಕ್ಕೂ ಬಹಳ ದೂರವಿಲ್ಲ. ಮರುವರ್ಷದ ತೀರ್ಪಿನಲ್ಲಿ ಆಧಾರ್ ಬಹುಮಟ್ಟಿಗೆ ಉಳಿದುಕೊಂಡಿತು; ಆದರೆ ಹಕ್ಕೂ ಉಳಿಯಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು.

ಸರ್ಕಾರದ ಮಾತಾಯಿತು, ಕಂಪನಿಗಳ ಗತಿಯೇನು? 2023ರ ಆಗಸ್ಟ್‌ನಲ್ಲಿ ಸಂಸತ್ತು ಅದಕ್ಕೂ ಒಂದು ಕಾಯಿದೆ ಮಾಡಿತು. ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಒಪ್ಪಿಗೆ ಕೇಳುವ ಸೂಚನೆಯನ್ನು ಎಂಟನೆಯ ಅನುಸೂಚಿಯ ಭಾಷೆಗಳಲ್ಲಿಯೂ, ಎಂದರೆ ಕನ್ನಡದಲ್ಲಿಯೂ, ಓದುವ ಅವಕಾಶವಿರಬೇಕೆಂದು ಅದು ವಿಧಿಸುತ್ತದೆ. ಕನ್ನಡದ ಮೇಷ್ಟರಿಗೆ ಇದು ಸಂತೋಷದ ಸಂಗತಿಯೇ. ಅರ್ಥವಾಗದ ಕರಾರಿಗೆ ಹಾಕಿದ ರುಜು ಒಪ್ಪಿಗೆ ಹೇಗಾದೀತು?

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ನನ್ನ ಗುಟ್ಟು ನನ್ನೊಬ್ಬನದೆ? ಕೇಂಬ್ರಿಡ್ಜ್ ಅನಲಿಟಿಕಾ ಹಗರಣ 2018ರಲ್ಲಿ ಬಯಲಾದಾಗ ಫೇಸ್‌ಬುಕ್ ಕಂಪನಿಯೇ ಒಂದು ಲೆಕ್ಕ ಕೊಟ್ಟಿತು. ಭಾರತದಲ್ಲಿ ಆ ರಸಪ್ರಶ್ನೆಯ ಆಪನ್ನು ಹಾಕಿಕೊಂಡವರು 335 ಮಂದಿ. ಅವರ ಸ್ನೇಹದ ಕೊಂಡಿ ಹಿಡಿದು ಮಾಹಿತಿ ಹೊರಹೋಗಿರಬಹುದಾದವರು ಸುಮಾರು 5,62,000 ಮಂದಿ. ಆ ಲಕ್ಷಗಟ್ಟಲೆ ಜನರನ್ನು ಯಾರೂ ಕೇಳಿರಲಿಲ್ಲ. ನನ್ನ ಮಿತ್ರರ ಪ್ರಶ್ನೆಗೆ ಉತ್ತರ ಇಲ್ಲಿದೆ. ಮುಚ್ಚಿಡುವಂಥದು ನನ್ನಲ್ಲಿ ಇಲ್ಲದಿರಬಹುದು. ನನ್ನನ್ನು ನಂಬಿದವರಲ್ಲಿ ಇದ್ದೀತು. ವಠಾರದ ನಡುಗೋಡೆ ಎರಡು ಮನೆಗಳದು. ಅದರಲ್ಲಿ ಕಿಟಕಿ ತೆರೆಯಬೇಕಾದರೆ ನೆರೆಯವನನ್ನೂ ಕೇಳಬೇಕು.

ನಾನು ಇದನ್ನು ಪುಸ್ತಕದಿಂದ ಕಲಿತದ್ದಲ್ಲ. ಹೋದ ವರ್ಷದ ಚರ್ಚಾಸ್ಪರ್ಧೆಯಲ್ಲಿ ಗೆದ್ದ ಹುಡುಗಿಯೊಬ್ಬಳ ಚಿತ್ರವನ್ನು, ಹೆಸರು ತರಗತಿಗಳ ಸಮೇತ, ಯಾರೋ ಅಂಥದೊಂದು ಕಡೆ ಹಾಕಿಬಿಟ್ಟರು. ಅಭಿಮಾನದಿಂದಲೇ ಹಾಕಿದ್ದಿರಬೇಕು. ಅಪರಿಚಿತರ ಸಂದೇಶಗಳು ಅವಳಿಗೆ ಬರತೊಡಗಿದವು. ಊರಿನಲ್ಲಿ ತಂದೆ, ಓದಿದ್ದು ಸಾಕು ಎಂದರಂತೆ. ಎರಡು ವಾರ ಅವಳು ತರಗತಿಗೆ ಬರಲಿಲ್ಲ. ಹೇಗೋ ಮನೆಯವರನ್ನು ಒಪ್ಪಿಸಿ ಮರಳಿದ ದಿನ ಅವಳು ನನಗೆ ಹೇಳಿದ್ದು ಒಂದೇ ಮಾತು: "ನನ್ನನ್ನ ಯಾರೂ ಕೇಳಲೇ ಇಲ್ಲ, ಸರ್." ಚಿತ್ರ ತೆಗೆದಾಗ ನಾನು ಪಕ್ಕದಲ್ಲಿಯೇ ನಿಂತಿದ್ದೆ. ನಾನೂ ಕೇಳಿರಲಿಲ್ಲ.

ವಾರ ಮುಗಿಯಿತು. ಪುಟ ತೆರೆಯುವುದಕ್ಕೆ ಒಪ್ಪಿದ್ದೇನೆ. ಲೋಕ ಸೇರುವ ಕಟ್ಟೆಗೆ ಕನ್ನಡ ಹೋಗದಿರಲಾಗದು. ಆದರೆ ನನ್ನ ಫೋನಿನಲ್ಲಿರುವ ಇತರರ ನಂಬರುಗಳನ್ನು ಅದಕ್ಕೆ ಒಪ್ಪಿಸುವುದಿಲ್ಲ. ಸಭೆಯ ದಿನ, ಸ್ಥಳ, ವಿಷಯ ಅಲ್ಲಿರುತ್ತವೆ. ಕೇಳದೆ ಯಾರ ಮುಖವೂ ಇರುವುದಿಲ್ಲ. ಅಲ್ಲಿಗೆ ಬಾರದವರಿಗಾಗಿ ಅದೇ ಸೂಚನೆ ಕಾಲೇಜಿನ ಹಲಗೆಯ ಮೇಲೆ ಎಂದಿನಂತೆ ಇರುತ್ತದೆ.

ಮೊದಲ ಬರಹವಾಗಿ ಆ ಹುಡುಗಿಯ ಪದ್ಯವೊಂದನ್ನು ಹಾಕಬಹುದೆ ಎಂದು ಈ ಬಾರಿ ಕೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿದಳು.

"ಪದ್ಯ ಹಾಕಿ ಸರ್, ಫೋಟೋ ಬೇಡ" ಎಂದಳು.